ಕೆರೆ ಊರಿನದು, ದಾರಿ ಯಾರದು? ಪಂಚಾಯಿತಿ ಮೂರು ಗುಂಟೆ ಕೊಂಡರೆ ಜಗಳ ಮುಗಿಯುತ್ತೆ

ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಖಾಸಗಿ ಹಕ್ಕು ಇಲ್ಲದ ಕೆರೆ, ಹಳ್ಳ, ನದಿ ಎಲ್ಲವೂ ಸರ್ಕಾರದ ಆಸ್ತಿ ಅಂತ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಹೇಳುತ್ತೆ. ಅಂದ್ರೆ ನೀರು ಎಲ್ಲರದು. ಆದರೆ ನೀರಿನ ತನಕ ಹೋಗುವ ದಾರಿ? ಎಷ್ಟೋ ಊರಲ್ಲಿ ಅದು ಯಾರದೋ ಪಟ್ಟಾ ಜಮೀನಿನ ಬದುವಿನ ಮೇಲೆ ಹಾದುಹೋಗುತ್ತೆ. ಅಜ್ಜನ ಕಾಲದಿಂದ ದನ ಹೊಡೆದುಕೊಂಡು ಹೋದ ದಾರಿ ಅದು. ಕಾಗದದಲ್ಲಿ ಮಾತ್ರ ಎಲ್ಲೂ ಇಲ್ಲ.

ಜಮೀನು ಕೈ ಬದಲಾಗುವ ತನಕ ಎಲ್ಲ ಚೆನ್ನಾಗೇ ನಡೆಯುತ್ತೆ. ಬದಲಾದ ಮೇಲೆ ಮೊದಲು ಬೀಳೋದು ತಂತಿಬೇಲಿ, ಆಮೇಲೆ ಗೇಟ್. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆ ಕೊಳ್ಳುವವರಿಗೆ ನೀರಿನ ಪಕ್ಕದ ಜಮೀನಿನ ಮೇಲೆ ಕಣ್ಣು ಜಾಸ್ತಿ. ಫಾರ್ಮ್‌ಹೌಸ್ ಕಟ್ಟೋದು ತಪ್ಪಲ್ಲ. ಆದರೆ ಕುರಿಗೆ ನೀರು ಕುಡಿಸೋಕೆ, ಬೇಸಿಗೆಯಲ್ಲಿ ಗೋಡು ಮಣ್ಣು ಹೊಡೆಯೋಕೆ, ಮೀನು ಹಿಡಿಯೋಕೆ, ಗಣಪತಿ ಬಿಡೋಕೆ ಊರಿನವರು ಎಲ್ಲಿಂದ ಹೋಗಬೇಕು?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹಕ್ಕಿನ ದಾರಿ ಇಲ್ಲದ ಕಡೆ ಗ್ರಾಮ ಪಂಚಾಯಿತಿ ದುಡ್ಡು ಕೊಟ್ಟು ದಾರಿಯಷ್ಟು ಜಮೀನು ಕೊಂಡುಕೊಳ್ಳಬೇಕು. ಬೇಡಿಕೊಳ್ಳೋದೂ ಬೇಡ, ಕಿತ್ತುಕೊಳ್ಳೋದೂ ಬೇಡ.

ಮೊದಲು ನಕಾಶೆ ನೋಡಿ

ಕೊಳ್ಳುವ ಮೊದಲು ಒಂದು ಕೆಲಸ ಇದೆ. ನಮ್ಮದೇ ದಾರಿಗೆ ನಾವೇ ದುಡ್ಡು ಕೊಡಬಾರದು. ಕಂದಾಯ ಇಲಾಖೆಯ ವೆಬ್‌ಸೈಟ್‌ನಲ್ಲಿ ನಿಮ್ಮ ಗ್ರಾಮ ನಕಾಶೆ ಸಿಗುತ್ತೆ, ಡೌನ್‌ಲೋಡ್ ಮಾಡಿ. ಬಂಡಿ ದಾರಿ, ಕಾಲುದಾರಿಗಳನ್ನ ಅದರಲ್ಲಿ ಚುಕ್ಕೆ ಗೆರೆಗಳಲ್ಲಿ ತೋರಿಸಿರ್ತಾರೆ. ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತೆ. ಆದರೆ ಮೊಬೈಲ್ ಜಿಪಿಎಸ್ ನಂಬಿ ಗಡಿ ಜಗಳಕ್ಕೆ ಇಳಿಯಬೇಡಿ, ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಗಡಿ ಬೇಕಾದರೆ ಹದ್ದುಬಸ್ತು ಮಾಡಿಸಲೇಬೇಕು.

ಆಮೇಲೆ ಪಹಣಿಯ 3ನೇ ಕಾಲಂ ನೋಡಿ. ಅಲ್ಲಿ ಎ ಖರಾಬು, ಬಿ ಖರಾಬು ಅಂತ ಬೇರೆ ಬೇರೆ ಇರುತ್ತೆ. ಎ ಖರಾಬು ಸಾಗುವಳಿಗೆ ಬಾರದ ಜಾಗ, ಹಿಡುವಳಿದಾರರದ್ದೇ. ಬಿ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ದಾರಿ ಬಿ ಖರಾಬಿನಲ್ಲಿದ್ದರೆ ಒಂದು ರೂಪಾಯಿಯೂ ಕೊಡಬೇಕಿಲ್ಲ, ತಹಶೀಲ್ದಾರರಿಗೆ ಅರ್ಜಿ ಕೊಡಿ. ನಕಾಶೆಯಲ್ಲಿ ಕಾಣುವ ದಾರಿ ಮುಚ್ಚಿದ್ದರೆ ತೆರವು ಮಾಡಿಸಿ ಅಂತ ಕಂದಾಯ ಇಲಾಖೆ 2023ರಲ್ಲೇ ಸುತ್ತೋಲೆ ಹೊರಡಿಸಿದೆ.

ಎರಡರಲ್ಲೂ ದಾರಿ ಇಲ್ಲ ಅಂದ್ರೆ ಮಾತ್ರ ಖರೀದಿಯ ಮಾತು.

ಹಳೆ ವಾಡಿಕೆ ಸಾಲದೇ?

"20 ವರ್ಷ ಓಡಾಡಿದ್ದೀವಿ, ಹಕ್ಕು ಬಂದಿದೆ" ಅನ್ನೋರು ಎಲ್ಲಾ ಊರಲ್ಲೂ ಇದ್ದಾರೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಆಧಾರ ಇದೆ ನಿಜ. ಆದರೆ ಮಾಲೀಕರ ಅನುಮತಿ ಪಡೆದು ಓಡಾಡಿದ್ದರೆ ಆ ಲೆಕ್ಕ ನಡೆಯಲ್ಲ. ಅನುಮತಿ ಇತ್ತೋ ಇಲ್ಲವೋ ಅಂತ ಸಾಬೀತು ಮಾಡೋದು ಕೋರ್ಟಿನಲ್ಲಿ. ಅಲ್ಲಿ ಎಷ್ಟು ವರ್ಷ ಹಿಡಿಯುತ್ತೆ ಅಂತ ನಿಮಗೇ ಗೊತ್ತು.

ಇನ್ನೊಂದು ಪೆಟ್ಟೂ ಇದೆ. ಈ 20 ವರ್ಷದ ಭಯಕ್ಕೇ ಒಳ್ಳೆ ಮನಸ್ಸಿನ ರೈತರೂ ದಾರಿ ಮುಚ್ಚುತ್ತಾರೆ. ಇವತ್ತು ಬಿಟ್ಟರೆ ನಾಳೆ ಹಕ್ಕು ಅಂತಾರೆ ಅನ್ನೋ ಅನುಮಾನ. ಅವರದು ತಪ್ಪು ಅನ್ನೋಕಾಗಲ್ಲ. ಒಂದೂವರೆ ಎಕರೆ ಇರುವವರಿಗೆ ಮೂರು ಗುಂಟೆ ಸಣ್ಣದಲ್ಲ. ಊರಿಗೆ ದಾರಿ ಬೇಕು ಅಂದ್ರೆ ಅದರ ಖರ್ಚು ಊರೇ ಹೊರಬೇಕು, ಒಂದು ಮನೆಯ ಮೇಲೆ ಹೊರಿಸಬಾರದು.

ಲೆಕ್ಕ ಹಾಕಿ ನೋಡೋಣ

ಟ್ರ್ಯಾಕ್ಟರ್ ಹೋಗೋಕೆ 12 ಅಡಿ ಅಗಲ ಸಾಕು. ರಸ್ತೆಯಿಂದ ಕೆರೆಗೆ 300 ಅಡಿ ಉದ್ದ ಅಂತ ಇಟ್ಟುಕೊಳ್ಳಿ. ಒಟ್ಟು 3,600 ಚದರ ಅಡಿ. ಒಂದು ಗುಂಟೆ ಅಂದ್ರೆ 1,089 ಚದರ ಅಡಿ. ಅಲ್ಲಿಗೆ ಮೂರು ಗುಂಟೆ, ಮೇಲೆ ಐದಾಣೆ. ಎಕರೆಗೆ 20 ಲಕ್ಷ ಅಂದುಕೊಂಡರೂ ಜಮೀನಿನ ಬೆಲೆ ಸುಮಾರು 1 ಲಕ್ಷ 65 ಸಾವಿರ. ಎರಡು ಪಟ್ಟು ಕೊಟ್ಟರೂ 3 ಲಕ್ಷ 30 ಸಾವಿರ. ಮುಂದಿನ ಮೂರು ತಲೆಮಾರಿನ ಜಗಳ ಇಷ್ಟಕ್ಕೆ ಮುಗಿಯುತ್ತೆ ಅಂದ್ರೆ ದುಬಾರಿ ಅಂತ ನನಗನ್ನಿಸಲ್ಲ.

ತಡ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಹೊರದೇಶದ ಒಂದು ಉದಾಹರಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಉಬ್ಬರ ಮುಟ್ಟುವ ದಡ ಸಾರ್ವಜನಿಕರದ್ದು. ಆದರೆ ಹಾಫ್ ಮೂನ್ ಬೇ ಹತ್ತಿರದ ಮಾರ್ಟಿನ್ಸ್ ಬೀಚ್‌ಗೆ ಹೋಗುವ ರಸ್ತೆ ಖಾಸಗಿ ಜಮೀನಿನಲ್ಲಿದೆ. 2008ರಲ್ಲಿ ಜಮೀನು ಕೈ ಬದಲಾಯಿತು, ಆಮೇಲೆ ಗೇಟ್ ಬಿತ್ತು. ಒಂದು ಕೇಸು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಾಗಿಲ ತನಕ ಹೋಯಿತು. ಅಷ್ಟು ಶ್ರೀಮಂತ ರಾಜ್ಯಕ್ಕೇ ಈ ಪಾಡು. ಗೇಟ್ ಬೀಳುವ ಮೊದಲು ಕೊಂಡರೆ ಜಮೀನಿನ ಬೆಲೆ ಅಷ್ಟೇ, ಬಿದ್ದ ಮೇಲೆ ವಕೀಲರ ಫೀಸೂ ಸೇರುತ್ತೆ.

ಕೊಳ್ಳುವ ಕ್ರಮ

ತನ್ನ ಹೆಸರಲ್ಲಿ ಆಸ್ತಿ ಕೊಳ್ಳುವ ಅಧಿಕಾರ ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಆದರೆ ಹೇಗೆ ಕೊಳ್ಳಬೇಕು ಅನ್ನೋದು ಮುಖ್ಯ.

- ಗ್ರಾಮಸಭೆಯಲ್ಲಿ ಚರ್ಚೆ ಆಗಲಿ. ಯಾರ ಜಮೀನು, ಎಷ್ಟು ಗುಂಟೆ, ಯಾವ ದರ ಅಂತ ಎಲ್ಲರ ಮುಂದೆ ಓದಿ ಹೇಳಬೇಕು. ಸದಸ್ಯರ ಅಥವಾ ಅವರ ಸಂಬಂಧಿಕರ ಜಮೀನಾದರೆ ಅದನ್ನೂ ಹೇಳಬೇಕು.
- ದರ ನ್ಯಾಯವಾಗಿರಲಿ. ಮಾರ್ಗಸೂಚಿ ದರ ತೋರಿಸಿ ಕೈ ತೊಳೆದುಕೊಳ್ಳಬಾರದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ 1ರಿಂದ 2 ಪಟ್ಟು, ಅದರ ಮೇಲೆ ಶೇ 100 ಸಾಂತ್ವನ ಧನ ಇದೆ. ಒಪ್ಪಿಗೆಯ ಖರೀದಿಯಲ್ಲೂ ಮಾತುಕತೆ ಅಲ್ಲಿಂದಲೇ ಶುರುವಾಗಲಿ. ಮರ, ಪೈಪ್‌ಲೈನ್ ಇದ್ದರೆ ಅದಕ್ಕೆ ಬೇರೆ ಲೆಕ್ಕ.
- ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳೋದರಿಂದ 11ಇ ನಕ್ಷೆ ಬೇಕು. ಜತೆಗೆ ಇ.ಸಿ. ತೆಗೆಸಿ, ಪಹಣಿಯ 11ನೇ ಕಾಲಂನಲ್ಲಿ ಸಾಲ ಇದೆಯಾ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳೋಕಾಗಲ್ಲ.
- ಎರಡೂ ಬದಿಗೆ ಕಲ್ಲು ನೆಟ್ಟು ಬೇಲಿ ಹಾಕುವ ಖರ್ಚು ಪಂಚಾಯಿತಿಯದೇ ಆಗಲಿ. ಜಮೀನು ಕೊಟ್ಟವರ ಬೆಳೆಗೆ ದನ ನುಗ್ಗಿದರೆ ಇನ್ನೊಬ್ಬರು ಯಾರೂ ಕೊಡೋಕೆ ಮುಂದೆ ಬರಲ್ಲ.

"ದುಡ್ಡು ಎಲ್ಲಿಂದ?" ಅಂತ ಪಿಡಿಒ ಕೇಳೇ ಕೇಳ್ತಾರೆ. ಉದ್ಯೋಗ ಖಾತರಿಯ ಹಣ ಕೂಲಿಗೆ, ಸಾಮಗ್ರಿಗೆ. ಜಮೀನು ಖರೀದಿಗೆ ಬರಲ್ಲ. ಆದ್ದರಿಂದ ಪಂಚಾಯಿತಿಯ ಸ್ವಂತ ತೆರಿಗೆ ಹಣದಲ್ಲಿ ಜಮೀನು ಕೊಂಡು, ದಾರಿ ಮಾಡುವ ಕೆಲಸಕ್ಕೆ ಬೇರೆ ಯೋಜನೆ ಹುಡುಕಬೇಕು. ಒಂದೇ ವರ್ಷದಲ್ಲಿ ಆಗದಿದ್ದರೆ ಎರಡು ವರ್ಷದ ಬಜೆಟ್‌ನಲ್ಲಿ ಇಡಲಿ.

"ದಾನ ಕೊಡೋರು ಇರುವಾಗ ಯಾಕೆ ಕೊಳ್ಳಬೇಕು?" ಅಂತಲೂ ಕೇಳ್ತಾರೆ. ಕೊಟ್ಟರೆ ಸಂತೋಷ, ಆದರೆ ಅದೂ ನೋಂದಣಿ ಆಗಲಿ. ಬಾಯಿಮಾತಿನ ದಾನ ಮಗನ ಕಾಲಕ್ಕೆ ಮತ್ತೆ ಬೇಲಿಯಾಗುತ್ತೆ.

ಈ ವಾರ ಇಷ್ಟು ಮಾಡಿ. ನಕಾಶೆ ಡೌನ್‌ಲೋಡ್ ಮಾಡಿ, ನಿಮ್ಮೂರ ಕೆರೆಗೆ ಎಷ್ಟು ದಾರಿ ಇದೆ, ಯಾವುದು ಯಾರ ಸರ್ವೆ ನಂಬರಿನಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಊರಿನ ವಾಟ್ಸಾಪ್ ಗ್ರೂಪಿಗೆ ಹಾಕೋ ಮೊದಲು ಆ ಜಮೀನಿನವರ ಮನೆಗೆ ಹೋಗಿ ಕೂತು ಮಾತಾಡಿ. ಅವರು ಒಪ್ಪಿದರೆ ಮುಂದಿನ ಗ್ರಾಮಸಭೆಗೆ ಹಾಳೆ ಹಿಡಿದು ಹೋಗಿ, ಚರ್ಚೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಎದ್ದು ಬರಬೇಡಿ.