ಪ್ರಮಾಣಪತ್ರಕ್ಕೆ ಪ್ರಮಾಣ ಮಾಡಿದವರು ಯಾರು?

ಕನ್ನಡದ 'ಪ್ರಮಾಣ' ಎಂಬ ಶಬ್ದಕ್ಕೆ ಅಳತೆ ಎಂಬ ಅರ್ಥವೂ ಇದೆ, ಆಣೆ ಎಂಬ ಅರ್ಥವೂ ಇದೆ. ನಮ್ಮ ಹಳೆಯ ದಾನಶಾಸನಗಳು ಎರಡನ್ನೂ ಜೊತೆಯಲ್ಲೇ ಇರಿಸಿಕೊಂಡಿದ್ದವು: ಭೂಮಿಯ ಅಳತೆ, ಅದರ ಎಲ್ಲೆ, ಸಾಕ್ಷಿಗಳು, ಅನೇಕ ಕಡೆ ಬರೆದವನ ಮತ್ತು ಕಂಡರಿಸಿದವನ ಹೆಸರು, ಕೊನೆಗೆ ಅಳಿದವನಿಗೆ ಶಾಪ. ಇಂದು ಚೆನ್ನೈನಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ತೋರಿಸುವ ಇಂಧನ ದಕ್ಷತೆಯ ಪ್ರಮಾಣಪತ್ರದಲ್ಲಿ ಅಳತೆಯಷ್ಟೇ ಉಳಿದಿದೆ, ಆಣೆ ಕಾಣೆಯಾಗಿದೆ. ಅಳತೆ ತಪ್ಪಾಗಿದ್ದರೆ ನಷ್ಟ ತುಂಬಬೇಕಾದವರು ಯಾರೆಂಬ ಪ್ರಶ್ನೆಗೆ ಆ ಕಾಗದ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದಾಗ ನಷ್ಟ ತಾನಾಗಿಯೇ ಕೊಂಡವರ ತಲೆಗೆ ಬರುತ್ತದೆ. ಇದನ್ನು ನಾವು ಒಪ್ಪುವುದಿಲ್ಲ.

ಹಿನ್ನೆಲೆ ಇಷ್ಟು. ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರಿನಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ವಸತಿ ಕಟ್ಟಡಗಳ ಸಂಹಿತೆಯನ್ನು ಹೊರತಂದಿತು. 2019ರಲ್ಲಿ ಮನೆಗಳಿಗೂ ಒಂದರಿಂದ ಐದು ನಕ್ಷತ್ರಗಳ ಲೇಬಲ್ ಯೋಜನೆಯನ್ನು ಪ್ರಕಟಿಸಿತು. ಸಂಹಿತೆಯ ಪ್ರಕಾರ ಗೋಡೆ ಕಿಟಕಿಗಳ ಮೂಲಕ ಒಳನುಗ್ಗುವ ಶಾಖ ಹೊರಕವಚದ ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಚೆನ್ನೈನಂತಹ ಬಿಸಿ ಮತ್ತು ತೇವದ ಊರಿನಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತಾರ ನೆಲದ ವಿಸ್ತಾರದ ಶೇ. 16.66ರಷ್ಟಾದರೂ ಇರಬೇಕು. ಸಮಶೀತೋಷ್ಣದ ಬೆಂಗಳೂರಿಗೆ ಶೇ. 12.5 ಸಾಕು. ಊರು ಬಿಟ್ಟು ಬಂದ ನಮಗೆ ಈ ವ್ಯತ್ಯಾಸವನ್ನು ಯಾವ ಸಂಹಿತೆಯೂ ಕಲಿಸಬೇಕಾಗಿರಲಿಲ್ಲ. ಮೊದಲ ಅಗ್ನಿನಕ್ಷತ್ರವೇ ಕಲಿಸಿತು.

ತಪ್ಪು ನುಸುಳುವುದು ಲೆಕ್ಕದಲ್ಲಿ ಅಲ್ಲ, ಲೆಕ್ಕಕ್ಕೆ ಕೊಡುವ ಅಂಕಿಗಳಲ್ಲಿ. ನಕ್ಷೆಯಲ್ಲಿ ಹಗುರವಾದ ಏರೇಟೆಡ್ ಕಾಂಕ್ರೀಟ್ ಬ್ಲಾಕಿನ ಗೋಡೆ. ಕಟ್ಟುವಾಗ ಕೆಲಸ ಬೇಗ ಮುಗಿಯಲೆಂದು ಅಲ್ಯೂಮಿನಿಯಂ ಅಚ್ಚಿನೊಳಗೆ ಸುರಿದ ಗಟ್ಟಿ ಕಾಂಕ್ರೀಟ್ ಗೋಡೆ. ಎರಡನೆಯದು ಮೊದಲನೆಯದಕ್ಕಿಂತ ಹಲವು ಪಟ್ಟು ಸುಲಭವಾಗಿ ಶಾಖವನ್ನು ಒಳಗೆ ಬಿಡುತ್ತದೆ. ನಕ್ಷೆಯಲ್ಲಿ ಬಿಸಿಲು ತಡೆಯುವ ಲೇಪನದ ಗಾಜು. ಚೌಕಟ್ಟಿನಲ್ಲಿ ಸಾದಾ ಗಾಜು. ನಕ್ಷೆಯಲ್ಲಿ ಕಿಟಕಿಯ ಮೇಲೆ ಎರಡಡಿ ಸಜ್ಜಾ. ಕಟ್ಟಡದ ಮುಖ 'ನಯವಾಗಿ' ಕಾಣಲೆಂದು ಅದು ಮಾಯ. ಇನ್ನೂ ಸೊಗಸಾದ ತಪ್ಪೆಂದರೆ, ಉತ್ತರಕ್ಕೆ ಮುಖ ಮಾಡಿದ ಮಾದರಿ ಮನೆಯ ಅಂಕಿಯನ್ನೇ ಪಡುವಣದ ಮನೆಗೂ ಅಂಟಿಸುವುದು. ಕಟ್ಟಡ ಏಳುವ ಮೊದಲೇ ನಕ್ಷೆ ನೋಡಿ ಕೊಟ್ಟ ಶ್ರೇಣಿ, ಕಟ್ಟಿದ ಮೇಲೂ ಮಾರಾಟದ ಹೊತ್ತಗೆಯಲ್ಲಿ ಮೆರೆಯುತ್ತಿರುತ್ತದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ವಿದ್ಯುತ್ತಿನ ಖರ್ಚು ಮನೆಯವರ ಅಭ್ಯಾಸವನ್ನು ಅವಲಂಬಿಸಿದೆ, ನೀವು ಏಸಿಯನ್ನು 18ಕ್ಕೆ ಇಟ್ಟರೆ ನಾವೇನು ಮಾಡೋಣ? ಕೇಳಲು ನ್ಯಾಯವಾಗಿಯೇ ತೋರುತ್ತದೆ. ಆದರೆ ನಮ್ಮ ತಕರಾರು ಅಭ್ಯಾಸದ ಬಗ್ಗೆ ಅಲ್ಲ, ಗೋಡೆಯ ಬಗ್ಗೆ. ಕಿಟಕಿಯ ವಿಸ್ತಾರವನ್ನು ಟೇಪು ಹಿಡಿದು ಅಳೆಯಬಹುದು. ಗಾಜು ಯಾವುದೆಂದು ಖರೀದಿಯ ಬಿಲ್ಲೇ ಹೇಳುತ್ತದೆ. ಮನೆ ಪಡುವಣಕ್ಕಿದೆಯೋ ಮೂಡಣಕ್ಕಿದೆಯೋ ಎಂಬುದಕ್ಕೆ ಸೂರ್ಯನ ಸಾಕ್ಷಿ ಸಾಕು.

ಹೊಣೆ ಹೊರಿಸಲು ಕಾನೂನೇ ಇಲ್ಲವೆಂಬುದೂ ಸುಳ್ಳು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಜಾಹೀರಾತು, ಪರಿಚಯಪತ್ರ ಅಥವಾ ಮಾದರಿ ಮನೆಯನ್ನು ನಂಬಿ ಹಣ ಕಟ್ಟಿದವರಿಗೆ ಅದರೊಳಗಿನ ತಪ್ಪು ಹೇಳಿಕೆಯಿಂದ ನಷ್ಟವಾದರೆ ಪ್ರವರ್ತಕನೇ ಪರಿಹಾರ ಕೊಡಬೇಕು. ಬೇಡವೆಂದು ಹಿಂದೆ ಸರಿಯುವವರಿಗೆ ಹಣವನ್ನು ಬಡ್ಡಿಸಮೇತ ಹಿಂತಿರುಗಿಸಬೇಕು. ನಕ್ಷತ್ರಗಳನ್ನು ಹೊತ್ತಗೆಯಲ್ಲಿ ಅಚ್ಚು ಹಾಕಿಸಿದ ಮೇಲೆ ಅದೂ ಹೇಳಿಕೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿಯೂ ತೆರೆದಿದೆ. ಅಲ್ಲಿ ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಮೊದಲ ಹೊಣೆಗಾರ ಬಿಲ್ಡರ್. ಅಂಕಿ ಕೊಟ್ಟವನೂ ಅವನೇ, ಅದನ್ನು ತೋರಿಸಿ ಮಾರಿದವನೂ ಅವನೇ.

ಎರಡನೆಯವರು ಸ್ಥಳಕ್ಕೆ ಕಾಲಿಡದೆ ಸಹಿ ಹಾಕುವ ತಜ್ಞರು. 'ಒದಗಿಸಿದ ಮಾಹಿತಿಯ ಆಧಾರದ ಮೇಲೆ' ಎಂಬ ನಾಲ್ಕು ಪದಗಳು ತಮ್ಮನ್ನು ಕಾಯುತ್ತವೆಂದು ಅವರು ನಂಬಿದ್ದಾರೆ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1989ರಲ್ಲೇ ಇಂತಹ ನಂಬಿಕೆಯನ್ನು ಮುರಿಯಿತು. ಸಾಲ ಕೊಡುವ ಸಂಸ್ಥೆಗಾಗಿ ಮನೆ ಪರೀಕ್ಷಿಸಿದ ಸರ್ವೇಯರ್ ದೊಡ್ಡ ದುರಸ್ತಿ ಬೇಡವೆಂದು ಬರೆದ. ಮುಂದೆ ಆಧಾರವಿಲ್ಲದ ಹೊಗೆಗೂಡು ಕುಸಿದು ಮಲಗುವ ಕೋಣೆಗೇ ಬಿತ್ತು. ವರದಿಯಲ್ಲಿ ಹೊಣೆ ನಿರಾಕರಿಸುವ ವಾಕ್ಯವಿತ್ತು. ಅಂತಹ ಸಾಧಾರಣ ಮನೆಯನ್ನು ಕೊಳ್ಳುವವರು ವರದಿಯನ್ನೇ ನಂಬುತ್ತಾರೆಂದು ತಿಳಿದಿದ್ದವನಿಗೆ ಆ ವಾಕ್ಯ ರಕ್ಷಣೆಯಲ್ಲವೆಂದು ತೀರ್ಪಾಯಿತು. ನಮ್ಮ ನ್ಯಾಯಾಲಯಗಳಿಗೆ ಅದು ಕಟ್ಟಳೆಯಲ್ಲ, ನಿಜ. ಅದರ ತರ್ಕಕ್ಕೆ ಗಡಿಯೂ ಇಲ್ಲ.

ಇನ್ನು ಸರ್ಕಾರ. ಕಡತಕ್ಕೆ ಸಹಿ ಮಾಡುವಾಗ ಹೆಸರು, ಹುದ್ದೆ, ತಾರೀಖು ಬರೆಯಬೇಕೆಂಬುದು ಕೇಂದ್ರದ ನೌಕರಿಯಲ್ಲಿರುವ ನಮಗೆ ಅಭ್ಯಾಸವಾಗಿ ಹೋಗಿದೆ. ಸಾರ್ವಜನಿಕರಿಗೆ ಆದ ಕಿರುಕುಳದ ಪರಿಹಾರವನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಅದೂ ಮನೆಯದೇ ವ್ಯಾಜ್ಯ. ಏಸಿಯ ನಕ್ಷತ್ರಗಳ ವಿಷಯದಲ್ಲಿ ಬ್ಯೂರೋ ಇಷ್ಟು ಉದಾಸೀನವಾಗಿಲ್ಲ: ಮಾರುಕಟ್ಟೆಯಿಂದ ಯಂತ್ರವನ್ನು ತರಿಸಿ ಪರೀಕ್ಷಿಸುವ ನಿಯಮವಿದೆ. ಮೂವತ್ತೈದು ಸಾವಿರದ ಯಂತ್ರಕ್ಕೆ ಸಲ್ಲುವ ಮರುಪರೀಕ್ಷೆ, ಇಪ್ಪತ್ತು ವರ್ಷ ಕಂತು ಕಟ್ಟುವ ಮನೆಗೆ ಏಕೆ ಸಲ್ಲಬಾರದು? 2022ರ ತಿದ್ದುಪಡಿ 100 ಕಿಲೋವ್ಯಾಟ್ ಸಂಪರ್ಕಿತ ಹೊರೆಯ ವಸತಿ ಕಟ್ಟಡಗಳನ್ನೂ ಇಂಧನ ಸಂರಕ್ಷಣಾ ಕಾಯ್ದೆಯೊಳಗೆ ತಂದಿದೆ. ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಎಷ್ಟೋ ಆ ಮಿತಿಯನ್ನು ದಾಟುತ್ತವೆ. ನಿಯಮ ಕಡ್ಡಾಯವಾಗುವ ಹೊತ್ತಿಗೆ ಮರುಪರೀಕ್ಷೆಯೂ ಕಡ್ಡಾಯವಾಗಬೇಕು, ಅದರ ಖರ್ಚು ಬಿಲ್ಡರನದಾಗಬೇಕು.

ಅಲ್ಲಿಯವರೆಗೆ ಕೊಳ್ಳುವವರು ಕೇಳಬೇಕಾದದ್ದು ಹೆಚ್ಚೇನಿಲ್ಲ. ಗೋಡೆಯ ವಸ್ತು, ಗಾಜಿನ ಬಗೆ, ಸಜ್ಜಾದ ಅಗಲ, ಆ ಮನೆಯ ದಿಕ್ಕು ಇವಿಷ್ಟನ್ನು ಕರಾರುಪತ್ರದ ಅನುಬಂಧದಲ್ಲಿ ಬರೆಸಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದವರ ಹೆಸರನ್ನೂ ಸೇರಿಸಬೇಕು. ಬಿಲ್ಡರ್ ಒಪ್ಪದಿದ್ದರೆ, ಆ ನಕ್ಷತ್ರಗಳಿಗೆಂದು ಚದರ ಅಡಿಯ ದರದಲ್ಲಿ ಏರಿಸಿದ್ದನ್ನು ಇಳಿಸಿರೆಂದು ಅಲ್ಲೇ ಕೇಳಬೇಕು.