ಸಕ್ಕರೆ ಅಳೆದರು, ಬಿ12 ಮರೆತರು

“ಕಾಲು ಝುಂ ಅಂತಾವ್ರಿ, ಅಂಗಾಲು ಉರೀತಾವು.” ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಔಷಧಿ ಅಂಗಡಿಯಿಂದ ರಾಮದುರ್ಗದ ಆಸ್ಪತ್ರೆಯ ಸಾಲಿನವರೆಗೆ, ಹತ್ತು ವರ್ಷದಿಂದ ಶುಗರ್ ಇರುವವರ ಬಾಯಲ್ಲಿ ಇಂಥ ಮಾತು ಹೊಸದಲ್ಲ. ಉತ್ತರವೂ ಮೊದಲೇ ಸಿದ್ಧವಿರುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ನೆರೆಯವರು ಶಕ್ತಿ ಇಳಿದಿದೆ, ಒಂದು ಸಲಾಯಿನ್ ಹಚ್ಚಿಸಿಕೊಂಡು ಬಾ ಎನ್ನುತ್ತಾರೆ. ವೈದ್ಯರು ಸಕ್ಕರೆ ನರಕ್ಕೆ ಇಳಿದಿದೆ ಎನ್ನುತ್ತಾರೆ. ಮೂರರಲ್ಲೂ ಅಷ್ಟಿಷ್ಟು ನಿಜವಿರಬಹುದು. ಆದರೆ ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ದಿನಾ ಎರಡು ಹೊತ್ತು ನುಂಗುವ ಗುಳಿಗೆಯೇ ಮೈಯಿಂದ ಏನಾದರೂ ಕಸಿದುಕೊಳ್ಳುತ್ತಿದೆಯೇ?

ಕಸಿದುಕೊಳ್ಳಬಲ್ಲದು. ಆ ಗುಳಿಗೆಯ ಹೆಸರು ಮೆಟ್‌ಫಾರ್ಮಿನ್, ಕಸಿಯುವುದು ಬಿ12 ಜೀವಸತ್ವವನ್ನು.

ಮೆಟ್‌ಫಾರ್ಮಿನ್ ಕೆಟ್ಟ ಔಷಧವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯುರೋಪಿನ ಒಂದು ಕಾಡುಗಿಡದ ಸತ್ವವನ್ನು ಬೆನ್ನುಹತ್ತಿ ಹೊರಟ ಸಂಶೋಧನೆಯಿಂದ ಹುಟ್ಟಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾಂ ಸ್ಟರ್ನ್ ಅವರ ಮೂಲಕ ಮಧುಮೇಹಿಗಳಿಗೆ ದಕ್ಕಿದ ಗುಳಿಗೆ ಇದು. ಅಗ್ಗ, ನಂಬಿಕೆಗೆ ಯೋಗ್ಯ, ಇವತ್ತಿಗೂ ಎರಡನೇ ಬಗೆಯ ಮಧುಮೇಹಕ್ಕೆ ಬಹುತೇಕ ವೈದ್ಯರು ಮೊದಲು ಬರೆಯುವುದು ಇದನ್ನೇ. ಆದರೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ರಕ್ತಕ್ಕೆ ಸೇರುವ ಕೆಲಸಕ್ಕೆ ಇದು ಅಡ್ಡ ಬರುತ್ತದೆ. 1970ರ ದಶಕದ ಆರಂಭದಲ್ಲೇ ವೈದ್ಯರು ಇದನ್ನು ಗುರುತಿಸಿದ್ದರು. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದು ಇನ್ಸುಲಿನ್ ಪಡೆಯುತ್ತಿದ್ದ 390 ಮಧುಮೇಹಿಗಳನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತು. ಸುಳ್ಳು ಗುಳಿಗೆ ನುಂಗಿದವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ನುಂಗಿದವರ ಬಿ12 ಸರಾಸರಿ ಶೇ 19ರಷ್ಟು ಇಳಿದಿತ್ತು. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ವೈದ್ಯರಿಗೆ ಎಚ್ಚರಿಕೆ ಕಳಿಸಿತು: ಕೊರತೆಯ ಲಕ್ಷಣ ಕಂಡರೆ ಬಿ12 ಪರೀಕ್ಷಿಸಿ, ಅಪಾಯ ಹೆಚ್ಚಿರುವವರಲ್ಲಿ ಆಗಾಗ ನೋಡುತ್ತಿರಿ.

ಅಪಾಯ ಹೆಚ್ಚಿರುವವರು ಯಾರು? ವಯಸ್ಸಾದವರು, ಬಹಳ ವರ್ಷದಿಂದ ಹೆಚ್ಚು ಪ್ರಮಾಣದ ಗುಳಿಗೆ ನುಂಗುವವರು, ಎದೆಯುರಿಗೆಂದು ಪ್ಯಾಂಟೊಪ್ರಜೋಲ್ ಜಾತಿಯ ಗುಳಿಗೆಯನ್ನೂ ಜೊತೆಗೆ ಸೇವಿಸುವವರು, ಮಾಂಸ ಮೊಟ್ಟೆ ಮುಟ್ಟದವರು. ಈ ಪಟ್ಟಿಯನ್ನು ಹಿಡಿದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಹೊಂದುವವರು ಸಿಗುತ್ತಾರೆ. ಮಾಂಸ ಮುಟ್ಟದ ಲಿಂಗವಂತ ಮನೆತನಗಳು ದಟ್ಟವಾಗಿರುವ ಸೀಮೆ ಇದು. ಬಿ12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ, ರೊಟ್ಟಿಯಲ್ಲಿಲ್ಲ. ಶಾಕಾಹಾರಿಗೆ ಹಾಲು, ಮೊಸರು, ಮಜ್ಜಿಗೆಯೇ ಆಸರೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೋಗ್ರಾಂ ಮಾತ್ರ, ಆದರೆ ಅರ್ಧ ಕಪ್ ಚಹಾದೊಳಗಿನ ಹಾಲು ಅದರ ಹತ್ತಿರವೂ ಬರುವುದಿಲ್ಲ. ಹಟ್ಟಿಯಲ್ಲಿ ಎಮ್ಮೆ ಇದ್ದರೂ ಹಾಲು ಡೇರಿಯ ಕ್ಯಾನಿಗೆ ಹೋಗುತ್ತದೆ. ಮನೆಯ ಹಿರಿಯರ ಪಾಲಿಗೆ ಉಳಿಯುವುದು ನೀರುಮಜ್ಜಿಗೆ.

ಈ ಕೊರತೆಗೆ ಇನ್ನೊಂದು ಗುಣವಿದೆ. ಯಕೃತ್ತು ಬಿ12ನ್ನು ವರ್ಷಗಟ್ಟಲೆ ಸಾಲುವಷ್ಟು ಕೂಡಿಟ್ಟುಕೊಂಡಿರುತ್ತದೆ. ಹಗೇವಿನ ಜೋಳದ ಹಾಗೆ ಅದು ಒಳಗೊಳಗೇ ಕರಗುತ್ತದೆ, ತಳ ಕಂಡಾಗಲೇ ಗೊತ್ತಾಗುವುದು. ಗುಳಿಗೆ ಶುರುವಾಗಿ ಎಷ್ಟೋ ವರ್ಷದ ಮೇಲೆ ಜೋಮು, ಉರಿ, ಮರೆವು, ನಡೆಯುವಾಗ ತೂರಾಟ ಕಾಣಿಸಿಕೊಳ್ಳುತ್ತವೆ. ಇವೆಲ್ಲ ಮಧುಮೇಹದಿಂದ ಆಗುವ ನರದ ತೊಂದರೆಯಂತೆಯೇ ಇರುವುದರಿಂದ ಎಲ್ಲ ತಪ್ಪನ್ನೂ ಸಕ್ಕರೆಯ ತಲೆಗೆ ಕಟ್ಟಲಾಗುತ್ತದೆ. ಸಕ್ಕರೆಯಿಂದ ಕೆಟ್ಟ ನರ ಮೊದಲಿನಂತಾಗುವುದು ಕಷ್ಟ. ಬಿ12 ಕೊರತೆಯಿಂದ ಕೆಟ್ಟದ್ದು ಬೇಗ ಪತ್ತೆಯಾದರೆ ಬಹುಮಟ್ಟಿಗೆ ಸುಧಾರಿಸುತ್ತದೆ, ತಡವಾದರೆ ಅದೂ ಶಾಶ್ವತವಾಗಬಹುದು.

ಬಿ12ರ ಮಾತಾಯಿತು. ಉಳಿದದ್ದು ತಟ್ಟೆಯ ಕಥೆ.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ದೇವಿಗೆಂದು ಪಡ್ಡಲಗಿ ಬುಟ್ಟಿ ತುಂಬಿಸುವಾಗ ಹೋಳಿಗೆ, ಕಡಬು, ಅನ್ನ, ಪಲ್ಯ ಎಲ್ಲವೂ ಇರಬೇಕು, ಬುಟ್ಟಿ ಬರಿದಾಗಿ ಕಾಣಬಾರದು. ಶುಗರ್ ಬಂದವರ ತಟ್ಟೆಗೆ ಇದರ ವಿರುದ್ಧವಾದದ್ದು ಆಗುತ್ತದೆ. ಬೆಲ್ಲ ಬೇಡ, ಹಣ್ಣು ಬೇಡ, ಹಾಲು ಬೇಡ, ಶೇಂಗಾ ಬೇಡ, ಗಡ್ಡೆ ಬೇಡ ಎಂದು ಬೇಡಗಳ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಬೇಕುಗಳ ಪಟ್ಟಿಯನ್ನು ಯಾರೂ ಬರೆದುಕೊಡುವುದಿಲ್ಲ. ಕೊನೆಗೆ ಉಳಿಯುವುದು ಎರಡು ಚಪಾತಿ, ತಿಳಿಸಾರು, ಸಕ್ಕರೆಯಿಲ್ಲದ ಚಹಾ. ಸಕ್ಕರೆಯ ಅಂಕಿ ಇಳಿದರೂ ಮೈ ಒಣಗುತ್ತದೆ.

ಈ ಭಾಗದ ಹಳೆಯ ಊಟದಲ್ಲಿ ಖನಿಜಗಳಿಗೆ ಬರವಿರಲಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 130 ಮಿಲಿಗ್ರಾಂ ಮೆಗ್ನೀಸಿಯಂ, ಸುಮಾರು 4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೆಗ್ನೀಸಿಯಂ 20ರ ಆಸುಪಾಸು, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಈ ವ್ಯತ್ಯಾಸ ಮಧುಮೇಹಿಗೆ ದೊಡ್ಡದು. ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರ ಹೆಚ್ಚುತ್ತದೆ, ಅದರ ಜೊತೆ ಮೆಗ್ನೀಸಿಯಂ ಹೊರಹೋಗುತ್ತದೆ. ಮೆಗ್ನೀಸಿಯಂ ಇಳಿದಷ್ಟೂ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಯೂ ಸೇರಿದರೆ ಸೋರಿಕೆ ಇನ್ನೂ ಹೆಚ್ಚಬಹುದು.

ಆದರೆ ಜೋಳ ಹಿಂದೆ ಸರಿದಿದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು ಕಾಲುವೆಗೆ ನೀರು ಬಂತು. ಎರೆಹೊಲಗಳಲ್ಲಿ ಗೋವಿನಜೋಳ, ಕಬ್ಬು ನಿಂತವು. ಕಿತ್ತೂರಿನ ಪಕ್ಕದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯೇ ಇದೆ. 2013ರಲ್ಲಿ ಬಂದ ಅನ್ನಭಾಗ್ಯ ಹಸಿದವರ ಹೊಟ್ಟೆ ತುಂಬಿಸಿತು, ಅದನ್ನು ಹಗುರ ಮಾಡಿ ಮಾತಾಡುವಂತಿಲ್ಲ. ಜೊತೆಗೇ ಅದು ರೊಟ್ಟಿ ಬಡಿಯುವ ಮನೆಗಳಲ್ಲಿ ಅನ್ನದ ಹೊತ್ತುಗಳನ್ನೂ ಹೆಚ್ಚಿಸಿತು. ರೊಟ್ಟಿ ಬಡಿಯಲು ರಟ್ಟೆ ಬೇಕು, ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು.

ಹಾಗೆಂದು ಜೋಳದ ರೊಟ್ಟಿಯನ್ನೇ ಸಂಜೀವಿನಿ ಎಂದು ಹಾಡಿ ಹೊಗಳುವುದೂ ಸರಿಯಲ್ಲ. ಜೋಳ, ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ, ಸತುವನ್ನು ಬಿಗಿಹಿಡಿದು ಮೈಗೆ ಪೂರ್ತಿ ಸಿಗಗೊಡುವುದಿಲ್ಲ. ಊಟ ಮುಗಿದ ಕೂಡಲೇ ಕುಡಿಯುವ ಚಹಾದ ಒಗರು ಇನ್ನಷ್ಟು ಕಸಿಯುತ್ತದೆ. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ಮಡಿಕೆಕಾಳನ್ನು ನೆನೆಹಾಕಿ ಮೊಳಕೆ ಬರಿಸುವುದು, ಪಲ್ಯದ ಮೇಲೆ ನಿಂಬೆ ಹಿಂಡುವುದು, ಚಹಾವನ್ನು ಊಟದಿಂದ ಒಂದು ಗಂಟೆ ದೂರ ಇಡುವುದು. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿ ರಾಮನಿಗೆ ಬಾರಿಹಣ್ಣು ಕೊಟ್ಟ ಜಾಗವೆಂದು ಜನ ನಂಬುತ್ತಾರೆ. ಆ ಬಾರಿಹಣ್ಣಿನಲ್ಲಿ ಸಿ ಜೀವಸತ್ವ ಹೇರಳವಾಗಿದೆ. ಊಟದ ಜೊತೆ ನಾಲ್ಕೈದು ಹಣ್ಣು ತಿಂದರೆ ರೊಟ್ಟಿಯೊಳಗಿನ ಕಬ್ಬಿಣ ಹೆಚ್ಚು ದಕ್ಕುತ್ತದೆ, ಸಕ್ಕರೆಯೂ ಅಷ್ಟಕ್ಕೆ ಹಾರಿಹೋಗುವುದಿಲ್ಲ.

ಕಬ್ಬಿಣದ ವಿಷಯ ಇಲ್ಲಿ ಚಿಕ್ಕದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇದರ ನೆರಳು ಶುಗರ್ ಪರೀಕ್ಷೆಯ ಮೇಲೂ ಬೀಳುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಂತಿರುವುದು ಕೆಂಪು ರಕ್ತಕಣಗಳ ಮೇಲೆ. ಕಬ್ಬಿಣದ ಕೊರತೆಯಿದ್ದಾಗ ಅದು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸಬಹುದು. ಹಿಮೋಗ್ಲೋಬಿನ್ ನೋಡದೆ ಆ ಒಂದು ಅಂಕಿಯನ್ನೇ ನಂಬಿ ಗುಳಿಗೆ ಏರಿಸಿದರೆ, ಸಕ್ಕರೆ ಕುಸಿದು ಹೊಲದಲ್ಲಿ ಬೆವರಿ ಬೀಳುವ ಸರದಿ ಆ ಹೆಣ್ಣುಮಗಳದ್ದು.

ಇನ್ನು ಡಿ ಜೀವಸತ್ವ. ರಾಮದುರ್ಗದ ನೇಕಾರರು ದಿನವಿಡೀ ಮಗ್ಗದ ಕೋಣೆಯೊಳಗೆ ಇರುತ್ತಾರೆ. ಬಿಸಿಲಿಗೆ ಹೆಸರಾದ ನಾಡಿನಲ್ಲೂ ಬಿಸಿಲು ಕಾಣದ ಮೈಗಳಿವೆ. ಎಲುಬಿಗೆ ಡಿ ಬೇಕೇಬೇಕು. ಆದರೆ ಡಿ ನುಂಗಿದರೆ ಮಧುಮೇಹ ಬರುವುದಿಲ್ಲ ಎಂಬ ಪ್ರಚಾರವನ್ನು ನಂಬುವಂತಿಲ್ಲ. ಮಧುಮೇಹದ ಅಂಚಿನಲ್ಲಿದ್ದ 2,423 ಜನರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಾ 4,000 ಯೂನಿಟ್ ಡಿ ಕೊಟ್ಟರೂ ಹೇಳಿಕೊಳ್ಳುವಂಥ ಲಾಭ ಸಾಬೀತಾಗಲಿಲ್ಲ.

ಇಲ್ಲಿಂದಲೇ ಇನ್ನೊಂದು ತುದಿಯ ಅಪಾಯ ಶುರು. ಕೊರತೆಯನ್ನು ಅಳೆಯದ ಸಮಾಜ ಶಕ್ತಿ ಗುಳಿಗೆಯನ್ನು ಮಾತ್ರ ಧಾರಾಳವಾಗಿ ನುಂಗುತ್ತದೆ. ವಾರಕ್ಕೊಂದರಂತೆ ನುಂಗಬೇಕಾದ 60,000 ಯೂನಿಟ್ಟಿನ ಡಿ ಗುಳಿಗೆಯನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ನರದ ಗುಳಿಗೆ ಎಂದು ಮಾರುವ ಹಲವು ಮಿಶ್ರಣಗಳಲ್ಲಿ ಬಿ6 ಇರುತ್ತದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ನುಂಗಿದರೆ ಅದೇ ನರ ಕೆಡಿಸಿ, ಅದೇ ಜೋಮು ತರುತ್ತದೆ. ಬಿ12 ನೋಡದೆ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು, ನರ ಮಾತ್ರ ಒಳಗೆ ಸವೆಯುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಪೊಟ್ಯಾಸಿಯಂ. ಶುಗರ್ ಜೊತೆ ಬಿಪಿ ಇದ್ದವರಿಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಗುಳಿಗೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಕಿಡ್ನಿ ಸೋತಿದ್ದರೆ ಅದು ಹೊರಹೋಗುವ ದಾರಿಯೂ ಕಟ್ಟಿರುತ್ತದೆ. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದಿಷ್ಟು ಸೋಡಿಯಂ ಬದಲಿಗೆ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡ್. ಸಾಮಾನ್ಯರಿಗೆ ಅದು ಹಿತವೆಂದು 2025ರ ಜನವರಿಯಲ್ಲಿ ಶಿಫಾರಸು ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯೇ, ಕಿಡ್ನಿ ತೊಂದರೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಪೊಟ್ಯಾಸಿಯಂ ತುಂಬಿದ ಎಳನೀರು ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ಅದೇ ಕುತ್ತು. ಯಾರಿಗೆ ಯಾವುದು ಎಂದು ಹೇಳಬಲ್ಲದ್ದು ರಕ್ತ ಪರೀಕ್ಷೆಯ ಚೀಟಿ ಮಾತ್ರ.

ಹಾಗಾದರೆ ಸರ್ಕಾರ ಏನು ಮಾಡಬೇಕು? 2023ರ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಲೆಕ್ಕದಲ್ಲಿ ದೇಶದ 10.1 ಕೋಟಿ ಜನರಿಗೆ ಮಧುಮೇಹವಿದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಶುಗರ್, ಬಿಪಿ ನೋಡುತ್ತಾರೆ. ಒಳ್ಳೆಯ ಕೆಲಸ. ಆದರೆ ಗುಳಿಗೆಯನ್ನು ಮನೆಗೆ ತಲುಪಿಸುವ ವ್ಯವಸ್ಥೆ, ಆ ಗುಳಿಗೆ ಏನು ಕಸಿಯುತ್ತದೆ ಎಂಬುದನ್ನೂ ನೋಡುವ ಹೊಣೆ ಹೊರಬೇಕು. ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಮೆಟ್‌ಫಾರ್ಮಿನ್ ನುಂಗಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಬಿ12, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕು. ಕೊರತೆ ಕಂಡವರಿಗೆ ಬಿ12 ಗುಳಿಗೆಯೋ ಸೂಜಿಯೋ ಅಲ್ಲೇ ಸಿಗಬೇಕು. ನರ ಕೆಟ್ಟ ಕಾಲಿನ ಹುಣ್ಣಿಗೆ ಹುಬ್ಬಳ್ಳಿ, ಬೆಳಗಾವಿಗೆ ಅಲೆಯುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಹಳ್ಳಿಯಲ್ಲಿ ಇಂಥದ್ದು ಆಗದು ಎನ್ನುವವರಿಗೆ ಬೆಳಗಾವಿ ಜಿಲ್ಲೆಯೇ ಉತ್ತರ ಕೊಟ್ಟಿದೆ. ಹೆರಿಗೆಯ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯ ನರ್ಸಮ್ಮಗಳೇ ಕೊಡಬಹುದೇ ಎಂದು ಇದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಮಹಿಳೆಯರೊಂದಿಗೆ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಪ್ರಯೋಗ ನಡೆಸಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ಜಗತ್ತು ಅದನ್ನು ಗಮನಿಸಿತು. ಅಂಥ ಜಿಲ್ಲೆಗೆ ಈ ನಾಲ್ಕು ತಾಲ್ಲೂಕುಗಳ ಮಧುಮೇಹಿಗಳ ರಕ್ತದಲ್ಲಿ ಬಿ12 ಎಷ್ಟಿದೆ ಎಂದು ಅಳೆಯುವುದು ಅಸಾಧ್ಯವಾದ ಕೆಲಸವೇನಲ್ಲ.

ಅಲ್ಲಿಯವರೆಗೆ ಶುಗರ್ ಇರುವವರು ತಾವೇ ಮಾಡಬಹುದಾದದ್ದು ಇಷ್ಟು. ಮೆಟ್‌ಫಾರ್ಮಿನ್ ಅನ್ನು ಹೆದರಿ ಬಿಡಬೇಡಿ, ಬಿಟ್ಟರೆ ಸಕ್ಕರೆ ಏರುತ್ತದೆ. ಮುಂದಿನ ಸಲ ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ಎದೆಯುರಿಯದ್ದು, ಶಕ್ತಿಯದ್ದು, ನಾಟಿ ಪುಡಿ ಯಾವುದನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೆಟ್‌ಫಾರ್ಮಿನ್ ಯಾವ ವರ್ಷ ಶುರುವಾಯಿತು ಎಂದು ಚೀಟಿಯ ಮೂಲೆಯಲ್ಲಿ ಬರೆದಿಡಿ. ಕಾಲು ಝುಂ ಅನ್ನುತ್ತಿದ್ದರೆ ಸಲಾಯಿನ್ ಕೇಳಬೇಡಿ, ಬಿ12 ಪರೀಕ್ಷೆ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ.