ಸಂಜೆಯ ಶಾಂತಿಯೂ ಮಗಳ ನಿದ್ರೆಯೂ

ಸ್ಮರಣ ಸಂಚಿಕೆಯೆಂದರೆ ಬಹುಮಾನಗಳ, ಫಲಿತಾಂಶಗಳ ಮತ್ತು ಕಟ್ಟಡಗಳ ವೃತ್ತಾಂತವೇ ಅಧಿಕವಾಗಿರುವುದು ವಾಡಿಕೆ. ಅವುಗಳ ನಡುವೆ ನಿದ್ರೆಯಂತಹ ಸಾಮಾನ್ಯ ವಿಷಯವನ್ನೆತ್ತಿದರೆ ವಾಚಕರು ನಗಬಹುದು. ಆದರೂ ಹಳೆಯ ವಿದ್ಯಾರ್ಥಿನಿಯರಾಗಿಯೂ ಈಗ ತಾಯಂದಿರಾಗಿಯೂ ಇರುವ ನಾವು ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಏಕೆಂದರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಊಟ, ಉಡುಪು, ಪುಸ್ತಕಗಳೆಲ್ಲವೂ ದೊರೆಯುತ್ತಿದ್ದರೂ ನಿದ್ರೆಯೊಂದು ಮಾತ್ರ ಸಾಕಷ್ಟು ದೊರೆಯುತ್ತಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಿದ್ರೆಯ ಬೆಲೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಲಿನಿಂದ ಕರಗಿಸುತ್ತಿದ್ದ ಆ ಕುಲುಮೆಯನ್ನು ಸಂಜೆಗೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿರಲಿಲ್ಲ. ಆದುದರಿಂದ ಜನರು ಮೂರು ಪಾಳಿಗಳಲ್ಲಿ ದುಡಿಯಬೇಕಾಯಿತು. ರಾತ್ರಿ ಪಾಳಿ ಮುಗಿಸಿ ಬಂದ ತಂದೆಯು ಹಗಲು ಮಲಗಿದನೆಂದರೆ ಮನೆಯೆಲ್ಲವೂ ಪಿಸುಮಾತಿಗಿಳಿಯುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರು. ಮಕ್ಕಳನ್ನು ಬೀದಿಯಾಚೆಗೆ ಆಟಕ್ಕೆ ಕಳುಹಿಸುತ್ತಿದ್ದರು. ದುಡಿಯುವವನ ನಿದ್ರೆಯನ್ನು ಮನೆಮಂದಿಯೆಲ್ಲ ಸೇರಿ ಕಾಯಬೇಕೆಂಬ ತಿಳಿವು ಆ ಮನೆಗಳಲ್ಲಿತ್ತು. ನಾವು ಕೇಳುವುದಿಷ್ಟೇ: ಆ ಕಾವಲು ಓದುವ ಮಗಳಿಗೇಕೆ ಇಲ್ಲ?

ಅವಳ ದಿನವನ್ನೊಮ್ಮೆ ಎಣಿಸಿ ನೋಡೋಣ. ಬೆಳಿಗ್ಗೆ 5 ಗಂಟೆಗೆ ಎದ್ದು ಬಾಗಿಲು ಸಾರಿಸಿ, ತಾಯಿಗೆ ನೆರವಾಗಿ, ಬಸ್ಸನ್ನೋ ರೈಲನ್ನೋ ಹಿಡಿದು ಭದ್ರಾವತಿಯಿಂದ ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗಕ್ಕೆ ಬರುವ ಹುಡುಗಿಯರುಂಟು. ಶಾಲೆ ಬಿಟ್ಟ ಮೇಲೆ ಟ್ಯೂಷನ್ನು. ಮನೆ ಸೇರುವ ಹೊತ್ತಿಗೆ ದೀಪ ಹತ್ತಿರುತ್ತದೆ. ಊಟವಾದ ಮೇಲೆ ಅಣ್ಣನು ಮೊಬೈಲು ಹಿಡಿದು ಕುಳಿತರೆ, ಇವಳು ಮುಸುರೆ ಪಾತ್ರೆಗಳ ಮುಂದೆ ಕುಳಿತುಕೊಳ್ಳಬೇಕು. ಅನಂತರ ಓದು, ಓದಿ ದಣಿದ ಬಳಿಕ ಅವಳೂ ಅದೇ ಮೊಬೈಲನ್ನು ಹಾಸಿಗೆಗೆ ಒಯ್ಯುವಳು. ಹನ್ನೊಂದೂವರೆಗೆ ಕಣ್ಣು ಮುಚ್ಚಿದರೆ ಅವಳಿಗೆ ದೊರೆತದ್ದು ಐದೂವರೆ ಗಂಟೆಯ ನಿದ್ರೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾವೈದ್ಯರ ನಿರ್ಣಯ. ಹೀಗೆ ದಿನವೂ ಕನಿಷ್ಠ ಎರಡೂವರೆ ಗಂಟೆಯ ಸಾಲವನ್ನು ಆ ಎಳೆಯ ದೇಹದ ಮೇಲೆ ಹೊರಿಸಿ, ತರಗತಿಯಲ್ಲಿ ತೂಕಡಿಸಿದಳೆಂದು ಅವಳನ್ನೇ ಗದರಿಸುವುದು ನ್ಯಾಯವೇ?

ಬೇಗ ಮಲಗೆಂದು ಹೇಳಿದ ಮಾತ್ರಕ್ಕೆ ನಿದ್ರೆ ಬರುವುದಿಲ್ಲ. ನಮ್ಮೊಳಗೆ ಒಂದು ಗಡಿಯಾರವುಂಟು. ಆ ಗಡಿಯಾರವು ಜೀವಕೋಶಗಳಲ್ಲಿ ಹೇಗೆ ನಡೆಯುವುದೆಂಬುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾಗುತ್ತಲೇ ಮೆದುಳಿನ ಒಂದು ಸಣ್ಣ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವುದು. ಪ್ರಖರವಾದ ಬೆಳಕು ಅದನ್ನು ತಡೆಯುವುದು. ಹರೆಯದಲ್ಲಿ ಈ ಗಡಿಯಾರವು ತುಸು ಹಿಂದೆ ಬೀಳುವುದು ಸಹಜ. ಆದುದರಿಂದ ಹದಿನೈದರ ಹುಡುಗಿಗೆ ಚಿಕ್ಕ ಮಗುವಿನಂತೆ ಎಂಟಕ್ಕೇ ನಿದ್ರೆ ಹತ್ತದಿದ್ದರೆ ಅದು ಮೊಂಡುತನವೂ ಅಲ್ಲ, ಸೋಮಾರಿತನವೂ ಅಲ್ಲ. ನಿದ್ರೆಯನ್ನು ಆಜ್ಞೆಯಿಂದ ತರಲಾಗದು; ಅದು ಬರುವಂತೆ ಸಂಜೆಯನ್ನು ಸಿದ್ಧಗೊಳಿಸಬಹುದು.

ಆ ಸಿದ್ಧತೆಯಾದರೂ ದುಬಾರಿಯಾದುದಲ್ಲ. ಕಾಫಿಯ ಸೀಮೆಗೆ ನೆರೆಯವರಾದ ನಮಗೆ ಈ ಮಾತು ರುಚಿಸದಿರಬಹುದು. ಆದರೆ ಕುಡಿದ ಕಾಫಿಯ ಸತ್ವದಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳ ಬಳಿಕವೂ ರಕ್ತದಲ್ಲಿರುತ್ತದೆ. ಓದುವುದಕ್ಕೆಂದು ರಾತ್ರಿ ಒಂಬತ್ತಕ್ಕೆ ಕಾಫಿ ಕಾಯಿಸಿಕೊಡುವ ತಾಯಿಯು ಪ್ರೀತಿಯಿಂದಲೇ ಮಗಳ ನಿದ್ರೆಯನ್ನು ಕದಿಯುತ್ತಾಳೆ. ಶಾಲೆಯಿಂದ ಬಂದೊಡನೆ ಒಂದು ಲೋಟ, ಅಲ್ಲಿಗೆ ಸಾಕು. ರಾತ್ರಿಯೂಟವು ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿದಿರಲಿ. ಬಚ್ಚಲ ಹಂಡೆಯ ಬಿಸಿನೀರಿನಿಂದ ಮಲಗುವುದಕ್ಕೆ ಒಂದು ಗಂಟೆ ಮುಂಚೆ ಸ್ನಾನವನ್ನೋ, ಅಷ್ಟಾಗದಿದ್ದರೆ ಕೈಕಾಲು ತೊಳೆಯುವುದನ್ನೋ ಮಾಡಬಹುದು. ಹಾಗೆ ಬೆಚ್ಚಗಾದ ಚರ್ಮದ ಮೂಲಕ ಒಳಗಿನ ಕಾವು ಹೊರಬಿದ್ದು ದೇಹವು ತಂಪಾಗುತ್ತದೆ. ಆ ತಂಪೇ ನಿದ್ರೆಯ ಹೆಬ್ಬಾಗಿಲು. ಅಜ್ಜಿಯರು ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದುದನ್ನು ಹಳೆಯ ಕಾಲದ ಪದ್ಧತಿಯೆಂದು ತಳ್ಳಿಬಿಡಬೇಕಾಗಿಲ್ಲ. ಆ ಹತ್ತು ನಿಮಿಷ ಮಗುವು ಸುಮ್ಮನೆ ಕುಳಿತು ಪ್ರೀತಿಯ ಕೈಯ ಸ್ಪರ್ಶವನ್ನು ಪಡೆಯುತ್ತಿತ್ತಲ್ಲ, ಅದೇನು ಕಡಮೆಯ ಲಾಭವೇ?

ಕೊನೆಯ ಅರ್ಧ ಗಂಟೆಯಲ್ಲಿ ದೊಡ್ಡ ದೀಪವನ್ನಾರಿಸಿ ಚಿಕ್ಕದನ್ನು ಉಳಿಸಿಕೊಳ್ಳಿರಿ. ಮೊಬೈಲುಗಳೆಲ್ಲವೂ ನಡುಮನೆಯ ಗೂಡಿನಲ್ಲಿ ಮಲಗಲಿ. ತಂದೆಯದೂ ತಾಯಿಯದೂ ಸಹ. ತಾವು ನೋಡುತ್ತ ಮಗಳಿಗೆ ಬೇಡವೆನ್ನುವ ಹಿರಿಯರ ಮಾತು ಎಂದಿಗೂ ನಾಟದು. ಆ ಹೊತ್ತಿನಲ್ಲಿ ಮೊಗ್ಗು ಕಟ್ಟುವುದೋ, ಕಥೆಯ ಪುಸ್ತಕವೋ, ಅವರವರ ಪ್ರಾರ್ಥನೆಯೋ ಇರಲಿ. ನಾಳೆಯ ಚಿಂತೆ ಕಾಡುವ ಹುಡುಗಿಗೆ ಮತ್ತೊಂದು ಉಪಾಯವುಂಟು. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದಲ್ಲಿ 57 ಮಂದಿ ತರುಣ ತರುಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮುಂದೆ ಮಾಡಬೇಕಾದ ಕೆಲಸಗಳನ್ನು ಮಲಗುವ ಮುನ್ನ ಐದು ನಿಮಿಷ ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗನೆ ನಿದ್ರೆಹೋದರು. ಹಳೆಯ ನೋಟುಪುಸ್ತಕದ ಒಂದು ಹಾಳೆ ಇದಕ್ಕೆ ಸಾಕು.

“ಇದೆಲ್ಲ ಸರಿ, ಎಸ್.ಎಸ್.ಎಲ್.ಸಿ. ಅಂಕಗಳ ಗತಿಯೇನು?” ಎಂದು ಪೋಷಕರು ಕೇಳುವರು. ಪ್ರಶ್ನೆಯು ಯುಕ್ತವಾದುದೇ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಪಂಡಿತರು ಇಬ್ಬರು ವಿದ್ಯಾರ್ಥಿಗಳಿಂದ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ ಪರೀಕ್ಷಿಸಿದರು. ಕಲಿತ ಬಳಿಕ ಎಚ್ಚರವಾಗಿದ್ದಾಗ ಮರೆತದ್ದಕ್ಕಿಂತ ನಿದ್ರಿಸಿದಾಗ ಮರೆತದ್ದು ಬಹಳ ಕಡಮೆಯಾಗಿತ್ತು. ಅಲ್ಲಿಂದೀಚೆಗೆ ನಡೆದ ಅನೇಕ ಪರೀಕ್ಷೆಗಳೂ ನಿದ್ರೆಯು ಕಲಿತದ್ದನ್ನು ನೆಲೆಗೊಳಿಸುವುದೆಂದೇ ತೋರಿಸಿವೆ. ಹೀಗಿರಲು ನಡುರಾತ್ರಿಯ ಓದು ತಳವೊಡೆದ ಕೊಡಕ್ಕೆ ನೀರು ಹೊಯ್ದಂತೆ.

ಒಂದೇ ಕೋಣೆಯ ಮನೆಗಳುಂಟು, ಬೆಳಗಿನ ಜಾವಕ್ಕೇ ನೀರು ಹಿಡಿಯಬೇಕಾದ ಮನೆಗಳೂ ಉಂಟೆಂಬುದನ್ನು ನಾವು ಬಲ್ಲೆವು. ಅಲ್ಲಿ ಎಲ್ಲ ನಿಯಮಗಳೂ ನಡೆಯಲಾರವು. ಆದರೂ ಒಂಬತ್ತೂವರೆಗೆ ಟೆಲಿವಿಷನ್ನನ್ನು ನಿಲ್ಲಿಸುವುದಕ್ಕೆ ಹಣ ಬೇಕಾಗಿಲ್ಲ. ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮಗಳು ಮಂಕಾಗಿದ್ದರೆ, ವೈದ್ಯರಲ್ಲಿಗೆ ಕರೆದೊಯ್ಯಲು ಸಂಕೋಚಪಡಕೂಡದು.

ಕಟ್ಟಕಡೆಯದಾಗಿ ಮುಸುರೆಯ ಮಾತು. ದೀಪ, ಕಾಫಿ, ಬಿಸಿನೀರು ಇವೆಲ್ಲಕ್ಕಿಂತಲೂ ಮಿಗಿಲಾದ ಉಪಾಯವೆಂದರೆ ಆ ಪಾತ್ರೆಗಳನ್ನು ಮನೆಯವರೆಲ್ಲ ಹಂಚಿಕೊಂಡು ತೊಳೆಯುವುದು. ಒಬ್ಬಳು ಮುಕ್ಕಾಲು ಗಂಟೆ ತಿಕ್ಕುವುದನ್ನು ಮೂವರು ಕಾಲು ಗಂಟೆಯಲ್ಲಿ ಮುಗಿಸಬಲ್ಲರು. ಉಳಿದ ಅರ್ಧ ಗಂಟೆಯು ಮಗಳ ನಿದ್ರೆಗೆ ಸೇರುವುದು. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ತಾಯಿಯ ನಿದ್ರೆಗೂ ಸೇರುವುದು. ಗಂಡುಮಕ್ಕಳ ಕೈಗೆ ಇದರಿಂದ ಯಾವ ಕುಂದೂ ಬಾರದು.

ಪ್ರಿಯ ಸಹೋದರಿಯರೇ, ನಮಗೆ ದೊರೆಯದಿದ್ದುದನ್ನು ನಮ್ಮ ಮಕ್ಕಳಿಗೆ ಕೊಡುವ ಆಸೆ ನಮ್ಮೆಲ್ಲರಿಗೂ ಉಂಟಷ್ಟೆ. ಅಂದು ತಂದೆಗಾಗಿ ಕಿಟಕಿಗೆ ಕಂಬಳಿ ಕಟ್ಟಿದ ಕೈಗಳೇ ಇಂದು ಮಗಳಿಗಾಗಿ ದೀಪವನ್ನು ತಗ್ಗಿಸಲಿ. ಈ ಸಂಚಿಕೆಯನ್ನು ಓದಿ ಮುಗಿಸಿದ ರಾತ್ರಿಯಿಂದಲೇ ಅದು ಆರಂಭವಾಗಲೆಂದು ಪ್ರಾರ್ಥಿಸುತ್ತೇವೆ.